ಎಂಟು ಚಾನೆಲ್ ಬಯೋಸಿಗ್ನಲ್ ಬೋರ್ಡ್ ರಿವ್ಯೂ: ಬೋರ್ಡ್ ತಗೊಳ್ಳಿ, ಜೊತೆಗೆ ಬರೋ ಕೇಬಲ್ ಎತ್ತಿಡಿ

ಮೊದ್ಲು ಈ ರಿವ್ಯೂ ಯಾರಿಗೆ ಅಂತ ಹೇಳ್ಬಿಡ್ತೀನಿ. ಕಾಲೇಜ್ ಪ್ರಾಜೆಕ್ಟಿಗೋ ಸಣ್ಣಪುಟ್ಟ ರಿಸರ್ಚಿಗೋ ಮೈಮೇಲಿಂದ ನಾಲ್ಕೈದು ಕಡೆ ವಿದ್ಯುತ್ ಸಿಗ್ನಲ್ (ಹೃದಯ, ಸ್ನಾಯು, ಮೆದುಳಿಂದ ಬರೋದು) ಒಟ್ಟಿಗೆ ಹಿಡೀಬೇಕು ಅನ್ನೋರಿಗೆ. ಒಂದೇ ಒಂದು ಇಸಿಜಿ (ಹೃದಯದ ಸಿಗ್ನಲ್) ಅಲೆ ಸ್ಕ್ರೀನ್ ಮೇಲೆ ಓಡಿದ್ರೆ ಸಾಕು ಅನ್ನೋರು ಒಂದೇ ಚಾನೆಲ್ಲಿನ ಎಡಿ8232 ಮಾಡ್ಯೂಲ್ ತಗೊಂಡು ಆರಾಮಾಗಿರಿ, ಈ ತಲೆನೋವು ನಿಮಗೆ ಬೇಡ.

ನಾನು ಹಾಸನದ ಒಂದು ಇಂಜಿನಿಯರಿಂಗ್ ಕಾಲೇಜಲ್ಲಿ ಲ್ಯಾಬ್ ನೋಡ್ಕೊಳ್ಳೋನು. ಫೈನಲ್ ಇಯರ್ ಮಕ್ಕಳು ಮುಂಗೈ ಸ್ನಾಯುಗಳ ಸಿಗ್ನಲ್ ತಗೊಂಡು ಪ್ಲಾಸ್ಟಿಕ್ ಕೈ ಆಡಿಸ್ತೀವಿ ಸರ್ ಅಂತ ಹಠ ಹಿಡಿದ್ರು, ಅದಕ್ಕೆ ಒಂದು ಚಾನೆಲ್ ಸಾಕಾಗಲ್ಲ, ಒಂದೊಂದು ಬೆರಳಿಗೆ ಬೇರೆಬೇರೆ ಸ್ನಾಯು, ಇಲ್ಲ ಸ್ನಾಯುವಿನ ಬೇರೆಬೇರೆ ಭಾಗ ಕೆಲ್ಸ ಮಾಡುತ್ತೆ, ಹಂಗಾಗಿ ಎಂಟು ಚಾನೆಲ್ ಬೋರ್ಡ್ ಆನ್‌ಲೈನಲ್ಲಿ ತರಿಸಿದ್ವಿ. ಹಾಸನಾಂಬೆ ದರ್ಶನದ ಟೈಮಲ್ಲಿ ಆರ್ಡರ್ ಮಾಡಿದ್ರಿಂದ ಕೊರಿಯರ್ ಸ್ವಲ್ಪ ತಡ ಆಯ್ತು, ಅದಕ್ಕೆ ನಾನೇನೂ ಸ್ಟಾರ್ ಕಟ್ ಮಾಡಲ್ಲ, ಆ ಟೈಮಲ್ಲಿ ನಮ್ಮೂರಲ್ಲಿ ಸ್ಕೂಟರ್ ನಿಲ್ಸೋಕೇ ಜಾಗ ಇರಲ್ಲ. ಮಾರಿದೋರ ಹೆಸ್ರು ಬರಿಯಲ್ಲ. ಇದೇ ಬೋರ್ಡು ಬೇರೆಬೇರೆ ಸ್ಟಿಕರ್ ಅಂಟಿಸ್ಕೊಂಡು ಹಲವು ಕಡೆ ಸಿಗುತ್ತೆ, ಬೆಲೆನೂ ಅಂಗಡಿಗೊಂದು ಥರ, ನೋಡ್ಕೊಂಡು ತಗೊಳ್ಳಿ. ಗುರುತು ಹಿಡಿಯೋದು ಸುಲಭ, ಮಧ್ಯದಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಎಡಿಎಸ್1299 ಚಿಪ್ ಕೂತಿರುತ್ತೆ.

ಆ ಚಿಪ್ ಬಗ್ಗೆ ನಂದೇನೂ ತಕರಾರಿಲ್ಲ. ಎಂಟು ಚಾನೆಲ್ಲಿಗೂ ಒಂದೊಂದು ಆಂಪ್ಲಿಫೈಯರ್, ಒಂದೊಂದು 24 ಬಿಟ್ ಕನ್ವರ್ಟರ್ (ಸಿಗ್ನಲನ್ನ ಅಂಕಿ ಮಾಡೋದು), ಎಂಟೂ ಒಂದೇ ಕ್ಷಣಕ್ಕೆ ಸ್ಯಾಂಪಲ್ ತಗೊಳ್ಳುತ್ತೆ. ಗೇನ್ (ಸಿಗ್ನಲನ್ನ ಎಷ್ಟು ಪಟ್ಟು ದೊಡ್ಡದು ಮಾಡೋದು ಅಂತ) 24ಕ್ಕೆ ಇಟ್ರೆ ಅಳತೆಯ ಒಂದು ಮೆಟ್ಟಿಲು ಸುಮಾರು 22 ನ್ಯಾನೋವೋಲ್ಟ್. ಚಿಪ್ಪಿನ ಸ್ವಂತ ನಾಯ್ಸ್ (ಸಿಗ್ನಲ್ ಜೊತೆ ಸೇರೋ ಬೇಡದ ಗಲಾಟೆ) ಡೇಟಾಶೀಟ್ ಪ್ರಕಾರ 70 ಹರ್ಟ್ಜ್ ಬ್ಯಾಂಡಲ್ಲಿ ಪೀಕ್ ಟು ಪೀಕ್ 1 ಮೈಕ್ರೋವೋಲ್ಟ್. ಇಇಜಿ (ಮೆದುಳಿನ ಸಿಗ್ನಲ್) ಅಂದ್ರೆ ಹತ್ತರಿಂದ ನೂರು ಮೈಕ್ರೋವೋಲ್ಟ್, ಇಸಿಜಿ ಸುಮಾರು ಒಂದು ಮಿಲಿವೋಲ್ಟ್, ಹಂಗಾಗಿ ಚಿಪ್ ಬೇಕಾದಷ್ಟಾಯ್ತು. ಓಪನ್‌ಬಿಸಿಐನೋರ (ಇಂಥದೇ ಬೋರ್ಡ್ ಮಾಡೋ ಕಂಪನಿ) ಸೈಟನ್ ಬೋರ್ಡಲ್ಲೂ ಇದೇ ಚಿಪ್ ಇರೋದು.

ನಂಗೆ ಸಿಟ್ಟು ಬಂದಿದ್ದು ಬಾಕ್ಸ್ ಮೇಲಿನ "ಝೀರೋ ನಾಯ್ಸ್" ಅನ್ನೋ ಬರಹ ನೋಡಿ, ಆಮೇಲೆ ಅದನ್ನ ನಿಜ ಅಂತ ತೋರಿಸೋಕೆ ಅವ್ರು ಮಾಡಿರೋ ಕಿತಾಪತಿ ನೋಡಿ. ಬೋರ್ಡ್ ಜೊತೆ ಬರೋ ಆ್ಯಪಲ್ಲಿ 50 ಹರ್ಟ್ಜ್ ನಾಚ್ ಫಿಲ್ಟರ್ (ಮನೆ ಕರೆಂಟಿಂದ ಬರೋ 50 ಹರ್ಟ್ಜ್ ಹಮ್ಮನ್ನ ಕತ್ತರಿಸಿ ತೆಗೆಯೋದು) ಮೊದಲಿಂದಲೇ ಆನ್ ಆಗಿರುತ್ತೆ. ಎಲೆಕ್ಟ್ರೋಡ್ (ಸಿಗ್ನಲ್ ಹಿಡಿಯೋಕೆ ಮೈಗೆ ಅಂಟಿಸೋ ಬಿಲ್ಲೆ) ಅಂಟಿಸಿದ ಕೂಡ್ಲೆ ಚೊಕ್ಕ ಗೆರೆ, ಹುಡುಗ್ರೆಲ್ಲ ಖುಷಿ. ಸೆಟ್ಟಿಂಗ್ಸ್ ಒಳಗೆ ಮೂರನೇ ಮೆನುವಲ್ಲಿ ಅಡಗಿಸಿಟ್ಟಿರೋ ಆ ಟಿಕ್ ತೆಗೆದ್ರೆ ಗೊತ್ತಾಗುತ್ತೆ ಬಣ್ಣ, ಪರದೆ ತುಂಬ ದಪ್ಪ ಪಟ್ಟೆ, ಹೃದಯಬಡಿತ ಎಲ್ಲಿದೆ ಅಂತ ಹುಡುಕ್ಬೇಕು. ಇನ್ನೂ ಅನ್ಯಾಯ ಅಂದ್ರೆ ರೆಕಾರ್ಡ್ ಫೈಲಲ್ಲೂ ಫಿಲ್ಟರ್ ಆದ್ಮೇಲಿನ ಡೇಟಾನೇ ಸೇವ್ ಆಗುತ್ತೆ, ರಾ ಡೇಟಾ ಬೇಕು ಅಂದ್ರೆ ಬೇರೆ ಟಿಕ್ ಹಾಕ್ಬೇಕು. ಇದು ಗೊತ್ತಿಲ್ದೆ ಒಂದು ಸೆಮಿಸ್ಟರ್ ಪೂರ್ತಿ ಡೇಟಾ ಕಲೆಹಾಕಿದ್ರೆ ಆಮೇಲೆ ಏನೂ ಮಾಡೋಕಾಗಲ್ಲ.

ನಾಚ್ ಹಾಕಿದ್ರೆ ಏನಾಯ್ತು ಸಾರ್ ಕ್ಲೀನಾಗಿ ಕಾಣುತ್ತಲ್ಲ ಅಂತ ಕೇಳೋರಿಗೆ: ನಮ್ದು ಇಎಂಜಿ ಕೆಲ್ಸ, ಅಂದ್ರೆ ಸ್ನಾಯುವಿನ ಸಿಗ್ನಲ್. ಚರ್ಮದ ಮೇಲಿಂದ ತಗೊಳ್ಳೋ ಇಎಂಜಿಯಲ್ಲಿ ಶಕ್ತಿ ಜಾಸ್ತಿ ಇರೋದೇ 50ರಿಂದ 150 ಹರ್ಟ್ಜ್ ಒಳಗೆ. ಅಲ್ಲೇ ಕತ್ತರಿ ಆಡಿಸಿದ್ರೆ ಹಮ್ ಜೊತೆ ಸ್ನಾಯುವಿನ ಸಿಗ್ನಲ್ಲೂ ಹೋಗುತ್ತೆ. ಇಸಿಜಿಯಲ್ಲಿ ಬೇರೆ ತೊಂದ್ರೆ, ಕ್ಯೂಆರ್‌ಎಸ್ ಅಂತ ಚೂಪಾಗಿ ಏಳುತ್ತಲ್ಲ ಅದಾದ ಮೇಲೆ ಫಿಲ್ಟರ್ ಸ್ವಲ್ಪ ಹೊತ್ತು ತಾನೇ ಅದುರ್ತಾ ಇರುತ್ತೆ, ಆ ಅದುರಾಟ ಬೆನ್ನಿಗೇ ಬರೋ ಎಸ್‌ಟಿ ಭಾಗದ ಮೇಲೆ ಬೀಳುತ್ತೆ, ಡಾಕ್ಟ್ರು ನೋಡೋದೇ ಆ ಭಾಗನ. ನಾಚ್ ಕೆಟ್ಟದ್ದು ಅಂತ ನಾನ್ ಹೇಳ್ತಿಲ್ಲ. ರಾ ಡೇಟಾ ಸೇವ್ ಮಾಡ್ಕೊಂಡು, ಹೊರಗಿಂದ ಬರೋದನ್ನ ಹೊರಗೇ ಎಷ್ಟಾಗುತ್ತೋ ಅಷ್ಟು ತಡೆದು, ಉಳಿದ ಚೂರುಪಾರಿಗೆ ಕೊನೇಲಿ ಹಾಕ್ಕೊಳ್ಳಿ ಅಂತಿದೀನಿ.

ಸರಿ, ತಪ್ಪು ಬೋರ್ಡಿಂದೋ ಹೊರಗಿಂದೋ ಅಂತ ತಿಳ್ಕೊಳ್ಳೋದು ಹೆಂಗೆ? ಈ ಚಿಪ್ಪಲ್ಲಿ ಅದಕ್ಕೊಂದು ಒಳ್ಳೆ ಸವಲತ್ತಿದೆ. ಪ್ರತಿ ಚಾನೆಲ್ಲಿನ ಎರಡೂ ಇನ್‌ಪುಟ್ ಒಳಗೊಳಗೇ ಶಾರ್ಟ್ ಮಾಡ್ಬಹುದು, ರಿಜಿಸ್ಟರಲ್ಲಿ (ಚಿಪ್ಪಿನ ಸೆಟ್ಟಿಂಗ್ ಕೂರೋ ಜಾಗ) ಮೂರು ಬಿಟ್ ಬದಲಾಯಿಸಿದ್ರೆ ಮುಗೀತು. ಶಾರ್ಟ್ ಮಾಡಿ ಗೆರೆ ನೋಡಿದ್ವಿ, ಡೇಟಾಶೀಟ್ ಹೇಳಿದ ಹತ್ತಿರಕ್ಕೇ ಬಂತು, ಎಂಟೂ ಚಾನೆಲ್ ಒಂದೇ ಥರ. ಅಂದ್ರೆ ಚಿಪ್ಪು, ಬೋರ್ಡು, ಪವರ್ ಸಪ್ಲೈ ಎಲ್ಲ ಸರಿಯಿದೆ, ಬರ್ತಿರೋದೆಲ್ಲ ಬೋರ್ಡಿನ ಪಿನ್ನಿಂದಾಚೆ. ಬೋರ್ಡ್ ಕೈಗೆ ಬಂದ ದಿನ ಮೊದ್ಲು ಇದೊಂದು ಮಾಡಿ. ಇಲ್ಲೇ ನಾಯ್ಸ್ ಜಾಸ್ತಿ ಬಂದ್ರೆ ವಾದ ಮಾಡ್ದೆ ವಾಪಸ್ ಕಳ್ಸಿ.

ಈಗ ಆಚೆ ಏನಾಗುತ್ತೆ ಅನ್ನೋದು ಸ್ವಲ್ಪ ಉದ್ದ ಬರೀತೀನಿ, ಈ ಥರ ಬೋರ್ಡ್ ತಗೊಳ್ಳೋರೆಲ್ಲ ಎಡವೋದು ಇಲ್ಲೇ. ಗೋಡೆ ಒಳಗೆ 230 ವೋಲ್ಟ್ ವಯರ್ ಓಡ್ತಿದೆ, ತಲೆ ಮೇಲೆ ಟ್ಯೂಬ್‌ಲೈಟ್, ಫ್ಯಾನು. ಅವಕ್ಕೂ ನಮ್ಮ ಮೈಗೂ ಮಧ್ಯೆ ಗಾಳಿ ಇದ್ರೂ ಕೆಲವೇ ಪಿಕೋಫ್ಯಾರಡ್ ಕೆಪಾಸಿಟರ್ ಇದ್ದಂಗೆ, ಅದ್ರಲ್ಲಿ ಮೈಕ್ರೋ ಆಂಪಿಯರ್‌ನ ಒಂದು ಪಾಲು ಕರೆಂಟ್ ಮೈಗೆ ಇಳಿಯುತ್ತೆ. ನಮಗೆ ಗೊತ್ತಾಗಲ್ಲ, ಆದ್ರೆ ಇಡೀ ಮೈ 50 ಹರ್ಟ್ಜಲ್ಲಿ ಮೇಲೆ ಕೆಳಗೆ ಆಡ್ತಿರುತ್ತೆ, ಒಂದು ವೋಲ್ಟೋ ಅದಕ್ಕಿಂತ ಜಾಸ್ತಿನೋ. ಎಲ್ಲ ಎಲೆಕ್ಟ್ರೋಡಿಗೂ ಇದು ಸಮಾನವಾಗಿ ಬರೋದ್ರಿಂದ ಕಾಮನ್ ಮೋಡ್ ಅಂತೀವಿ, ಆಂಪ್ಲಿಫೈಯರ್ ಎರಡು ಇನ್‌ಪುಟ್ಟಿನ ವ್ಯತ್ಯಾಸ ಮಾತ್ರ ತಗೊಳ್ಳುತ್ತೆ, ಸಮಾನ ಇದ್ದಿದ್ದು ಬಿಟ್ಟಾಕುತ್ತೆ. ಚಿಪ್ಪಿನ ಸಿಎಂಆರ್‌ಆರ್ (ಹಿಂಗೆ ಬಿಟ್ಟಾಕೋ ಶಕ್ತಿ) 110 ಡಿಬಿ, ಅಂದ್ರೆ ಮೂರು ಲಕ್ಷಕ್ಕೂ ಮೀರಿದ ಭಾಗದಲ್ಲಿ ಒಂದು ಪಾಲು ಮಾತ್ರ ಒಳಗೆ ಬರುತ್ತೆ, ಒಂದು ವೋಲ್ಟ್ ಬಂದ್ರೆ ಮೂರು ಮೈಕ್ರೋವೋಲ್ಟ್ ಉಳೀಬೇಕು. ಬಾಕ್ಸಿನೋರು "ಝೀರೋ" ಅಂದಿದ್ದು ಈ ಲೆಕ್ಕ ಹಿಡ್ಕೊಂಡು.

ಆದ್ರೆ ಆ ಲೆಕ್ಕ ಎರಡು ಇನ್‌ಪುಟ್ಟಿಗೂ ಒಂದೇ ಥರ ಬಂದ್ರೆ ಮಾತ್ರ. ಒಂದು ಎಲೆಕ್ಟ್ರೋಡ್ ಕೆಳಗೆ ಚರ್ಮ ಚೆನ್ನಾಗಿ ಒರೆಸಿದೆ, ಇನ್ನೊಂದರ ಕೆಳಗೆ ಕೂದಲು, ಎಣ್ಣೆ, ಅಂತ ಇಟ್ಕೊಳ್ಳಿ, ಇಂಪೀಡೆನ್ಸ್ (ಕರೆಂಟಿಗೆ ಇರೋ ಅಡ್ಡಿ) ವ್ಯತ್ಯಾಸ 20 ಕಿಲೋ ಓಮ್ ಆರಾಮಾಗಿ ಬರುತ್ತೆ. ಶೀಲ್ಡ್ ಕೇಬಲ್ಲಿನ ಕೆಪಾಸಿಟೆನ್ಸ್ 100 ಪಿಕೋಫ್ಯಾರಡ್ ಅಂದ್ರೆ 50 ಹರ್ಟ್ಜಲ್ಲಿ ಅದು ಸುಮಾರು 32 ಮೆಗಾ ಓಮ್. 20 ಕಿಲೋನ 32 ಮೆಗಾದಿಂದ ಭಾಗಿಸಿ ಒಂದು ವೋಲ್ಟಿಂದ ಗುಣಿಸಿ, 600 ಮೈಕ್ರೋವೋಲ್ಟಿನ ಮೇಲೆ ಬರುತ್ತೆ! ಇಸಿಜಿಯ ಅರ್ಧಕ್ಕಿಂತ ಜಾಸ್ತಿ, ಇಇಜಿ ಆದ್ರೆ ಮುಳುಗಿ ಹೋಯ್ತು. ಚಿಪ್ 110 ಅಲ್ಲ 150 ಡಿಬಿ ಇದ್ರೂ ಏನೂ ಮಾಡಕ್ಕಾಗಲ್ಲ, ಯಾಕಂದ್ರೆ ಚಿಪ್ಪಿನ ಬಾಗಿಲಿಗೆ ಬರೋ ಮುಂಚೆನೇ ಕಾಮನ್ ಮೋಡ್ ಇದ್ದಿದ್ದು ವ್ಯತ್ಯಾಸ ಆಗ್ಬಿಟ್ಟಿದೆ. ಚಿಪ್ಪು ಪಾಪ ಅದನ್ನ ಸಿಗ್ನಲ್ ಅಂತಾನೇ ತಿಳ್ಕೊಳ್ಳುತ್ತೆ.

ಹಂಗಾಗಿ ಗೆಲ್ಲೋಕೆ ಎರಡೇ ದಾರಿ, ವ್ಯತ್ಯಾಸ ಕಮ್ಮಿ ಮಾಡ್ಬೇಕು, ಇಲ್ಲ ಮೈ ಆಡೋದನ್ನೇ ಕಮ್ಮಿ ಮಾಡ್ಬೇಕು. ಎರಡೂ ಮಾಡಿದ್ರೆ ಇನ್ನೂ ಒಳ್ಳೇದು.

ವ್ಯತ್ಯಾಸ ಕಮ್ಮಿ ಮಾಡೋದು ಅಂದ್ರೆ ಚರ್ಮದ ಕೆಲ್ಸ. ಸ್ಪಿರಿಟ್ ಹಚ್ಚಿ ಒರೆಸಿ, ಒರಟು ಹತ್ತಿ ಬಟ್ಟೇಲೋ ಸ್ಕ್ರಬ್ ಜೆಲ್ಲಲ್ಲೋ ಮೆಲ್ಲಗೆ ಉಜ್ಜಿ, ಕೆಂಪಗಾಗೋ ತನಕ ಅಲ್ಲ, ಮೇಲಿನ ಸತ್ತ ಪದರ ಹೋದ್ರೆ ಸಾಕು. ಆಮೇಲೆ ಸಿಲ್ವರ್ ಕ್ಲೋರೈಡ್ ಎಲೆಕ್ಟ್ರೋಡ್ ಅಂಟಿಸಿ ಸ್ವಲ್ಪ ಹೊತ್ತು ಬಿಡಿ, ಜೆಲ್ ಚರ್ಮಕ್ಕೆ ಇಳಿಯುತ್ತೆ, ಇಂಪೀಡೆನ್ಸ್ ತಾನೇ ಇಳಿಯೋದು ಸ್ಕ್ರೀನಲ್ಲೇ ಕಾಣುತ್ತೆ. ಹೌದು, ಇಂಪೀಡೆನ್ಸ್ ಅಳೆಯೋ ಸೌಲಭ್ಯ ಈ ಬೋರ್ಡಲ್ಲಿದೆ, ಇದಕ್ಕೆ ಪೂರ್ತಿ ಮಾರ್ಕ್ಸ್ ಕೊಡ್ತೀನಿ. ಚಿಪ್ಪು 6 ನ್ಯಾನೋ ಆಂಪಿಯರ್ ಕರೆಂಟ್ 31.2 ಹರ್ಟ್ಜಲ್ಲಿ ಕಳಿಸಿ ಎಷ್ಟು ವೋಲ್ಟ್ ಎದ್ದಿತು ಅಂತ ನೋಡುತ್ತೆ, ಆ್ಯಪಲ್ಲಿ ಎಲೆಕ್ಟ್ರೋಡ್ ಪಕ್ಕ ಕಿಲೋ ಓಮ್ ಬರುತ್ತೆ, ಹಸಿರು ಹಳದಿ ಕೆಂಪು. ನಮ್ಮ ಮಕ್ಕಳಿಗೆ ಹೇಳಿದೀನಿ, ಎಂಟೂ ಹಸಿರಾಗ್ದೆ ರೆಕಾರ್ಡ್ ಬಟನ್ ಮುಟ್ಟೋ ಹಂಗಿಲ್ಲ ಅಂತ. ಒಂದು ಎಚ್ಚರಿಕೆ ಮಾತ್ರ, ಅಳತೆ ಮುಗಿದ ಮೇಲೂ ಆ್ಯಪ್ ಆ ಕರೆಂಟನ್ನ ಒಂದೊಂದ್ಸಲ ಆಫ್ ಮಾಡಲ್ಲ, ಸ್ಪೆಕ್ಟ್ರಮಲ್ಲಿ (ಯಾವ ಹರ್ಟ್ಜಲ್ಲಿ ಎಷ್ಟು ಶಕ್ತಿ ಅಂತ ತೋರಿಸೋ ಚಿತ್ರ) 31 ಹರ್ಟ್ಜ್ ಹತ್ರ ಒಂದು ಮೊಳೆ ನಿಂತಿದ್ರೆ ಅದು ಮೆದುಳಿನ ಬೀಟಾ ಅಲೆ ಅಲ್ಲ ಕಣ್ರಪ್ಪಾ, ಬೋರ್ಡಿಂದೇ.

ಎರಡನೇ ದಾರಿ ಬಯಾಸ್ ಎಲೆಕ್ಟ್ರೋಡ್. ಇಸಿಜಿಯೋರು ಡ್ರಿವನ್ ರೈಟ್ ಲೆಗ್ ಅಂತಾರಲ್ಲ ಅದೇ, ಬಲಗಾಲಿಗೇ ಹಾಕ್ಬೇಕು ಅಂತೇನಿಲ್ಲ, ಇಎಂಜಿಗೆ ನಾವು ಮೊಣಕೈ ಮೂಳೆ ಮೇಲೆ ಹಾಕ್ತೀವಿ. ಎಲ್ಲ ಚಾನೆಲ್ಲಿನ ಕಾಮನ್ ಮೋಡ್ ಸರಾಸರಿ ತಗೊಂಡು, ಅದನ್ನ ತಲೆಕೆಳಗು ಮಾಡಿ, ರೆಸಿಸ್ಟರ್ ಮೂಲಕ ಮೈಗೇ ವಾಪಸ್ ಕೊಡೋದು. ಮೈ ಮೇಲಕ್ಕೆ ಹೋಗ್ತಿದ್ರೆ ಇದು ಕೆಳಕ್ಕೆ ಎಳೆಯುತ್ತೆ. ಒಂದು ವೋಲ್ಟ್ ಆಡ್ತಿದ್ದ ಮೈ ಹತ್ತು ಮಿಲಿವೋಲ್ಟಿಗೆ ಬಂದ್ರೆ ಮೇಲಿನ 600 ಮೈಕ್ರೋವೋಲ್ಟ್ 6 ಆಗುತ್ತೆ, ಅಷ್ಟೇ ಲೆಕ್ಕ.

ಇಲ್ಲೇ ಈ ಬೋರ್ಡಿನ ಒಳಗಿನ ಪ್ರೋಗ್ರಾಂ, ಅಂದ್ರೆ ಫರ್ಮ್‌ವೇರ್ ಕೈ ಕೊಡೋದು. ಆನ್ ಮಾಡಿದ ತಕ್ಷಣ ಎಂಟೂ ಚಾನೆಲ್ ಬಯಾಸ್ ಲೆಕ್ಕಕ್ಕೆ ಸೇರ್ಕೊಂಡಿರುತ್ತೆ. ನೀವು ನಾಲ್ಕೇ ಚಾನೆಲ್ ಅಂಟಿಸಿದೀರಿ, ಉಳಿದ ನಾಲ್ಕು ಪಿನ್ ಗಾಳೀಲಿ ನೇತಾಡ್ತಿದೆ, ಆ್ಯಂಟೆನಾ ಥರ ಸಿಕ್ಕಿದ್ದೆಲ್ಲ ಹಿಡೀತಿದೆ, ಒಂದು ತುದಿಗೆ ಹೋಗಿ ಅಂಟ್ಕೊಂಡಿದೆ, ಆ ಕಸವೂ ಸರಾಸರಿಗೆ ಸೇರಿ ಮೈಗೆ ವಾಪಸ್ ಹೋಗುತ್ತೆ. ಆಗ ಬಯಾಸ್ ಎಲೆಕ್ಟ್ರೋಡ್ ಹಾಕಿದ್ರೆ ಹಮ್ ಕಮ್ಮಿ ಆಗೋ ಬದ್ಲು ಜಾಸ್ತಿ ಆಗುತ್ತೆ! ನಮ್ಮ ಹುಡುಗ್ರು "ಸಾರ್ ಬಯಾಸ್ ಕಿತ್ತಾಕಿದ್ರೇ ಚೆನ್ನಾಗಿ ಬರ್ತಿದೆ" ಅಂತ ಓಡಿ ಬಂದಾಗ್ಲೇ ನಂಗೆ ಇದ್ರ ವಾಸನೆ ಹೊಡೀತು. ಉಪಯೋಗಿಸದ ಚಾನೆಲ್ಲನ್ನ ಪವರ್ ಡೌನ್ ಮಾಡಿ, ಇನ್‌ಪುಟ್ ಶಾರ್ಟಿಗೆ ಹಾಕಿ, ಬಯಾಸ್ ಲೆಕ್ಕದಿಂದ ಟಿಕ್ ತೆಗೀರಿ. ಮ್ಯಾನ್ಯುಯಲಲ್ಲಿ ಇದ್ರ ಬಗ್ಗೆ ಒಂದು ಸಾಲೂ ಇಲ್ಲ, ಆದ್ರೆ ಬಾಕ್ಸ್ ಫೋಟೋ ಮಾತ್ರ ಆರು ಪೇಜ್ ಹಾಕಿದಾರೆ.

ಮಲ್ಟಿ ಚಾನೆಲ್ ಅಂದಾಗ ಇನ್ನೊಂದು ಒಳಗುಟ್ಟು ಇದೆ. ಎಂಟೂ ಚಾನೆಲ್ಲಿಗೆ ಒಂದೇ ರೆಫರೆನ್ಸ್ ಎಲೆಕ್ಟ್ರೋಡ್ (ಉಳಿದೆಲ್ಲವನ್ನೂ ಇದಕ್ಕೆ ಹೋಲಿಸಿ ಅಳೆಯೋದು) ಇಟ್ಕೊಂಡ್ರೆ ಆ ಒಂದು ಎಲೆಕ್ಟ್ರೋಡ್ ಎಂಟು ಇನ್‌ಪುಟ್ಟಿಗೆ ಅನ್ನ ಹಾಕ್ಬೇಕು, ಉಳಿದವಕ್ಕೆ ಒಂದೊಂದೇ. ಅಂದ್ರೆ ರೆಫರೆನ್ಸ್ ಕಡೆ ಇನ್‌ಪುಟ್ ಇಂಪೀಡೆನ್ಸ್ ಎಂಟರಲ್ಲೊಂದು ಪಾಲಾಗುತ್ತೆ, ಎಲ್ಲ ಎಲೆಕ್ಟ್ರೋಡೂ ಒಂದೇ ಥರ ಇದ್ರೂ ಅಸಮತೋಲನ ಹುಟ್ಟಿನಿಂದಲೇ ಇರುತ್ತೆ. ಅದಕ್ಕೆ ರೆಫರೆನ್ಸ್ ಜಾಗಾನ ಉಳಿದೆಲ್ಲಕ್ಕಿಂತ ಜಾಸ್ತಿ ಉಜ್ಜಿ, ಒಳ್ಳೇ ಎಲೆಕ್ಟ್ರೋಡ್ ಅಲ್ಲಿಗೆ ಇಡಿ. ಇದ್ರಿಂದ ಒಂದು ಲಾಭನೂ ಇದೆ, ದೋಷ ಎಲ್ಲಿದೆ ಅಂತ ಕಣ್ಣಲ್ಲೇ ಗೊತ್ತಾಗುತ್ತೆ: ಎಂಟೂ ಚಾನೆಲ್ಲಲ್ಲಿ ಒಂದೇ ಅಳತೆ ಹಮ್ ಬಂದ್ರೆ ರೆಫರೆನ್ಸೋ ಬಯಾಸೋ ಬಿಟ್ಟಿದೆ, ಒಂದೇ ಚಾನೆಲ್ಲಲ್ಲಿ ಬಂದ್ರೆ ಆ ಎಲೆಕ್ಟ್ರೋಡ್ ಇಲ್ಲ ಅದ್ರ ವಯರ್. ಸುಮ್ನೆ ಎಲ್ಲ ಕಿತ್ತು ಮತ್ತೆ ಅಂಟಿಸೋ ಕಷ್ಟ ತಪ್ಪುತ್ತೆ, ಕೈಮೇಲಿನ ಕೂದಲೂ ಉಳಿಯುತ್ತೆ.

ಈಗ ಕೇಬಲ್ಲಿಗೆ ಬರೋಣ. ಇದಕ್ಕೆ ಸ್ಟಾರ್ ಕೊಡೋಕೆ ಮನಸ್ಸಿಲ್ಲ. ಬಣ್ಣಬಣ್ಣದ ಬಿಡಿಬಿಡಿ ವಯರು, ಒಂದೂವರೆ ಮೀಟರ್ ಉದ್ದ, ಶೀಲ್ಡ್ ಇಲ್ಲ, ಟೇಬಲ್ ಮೇಲೆ ಹರಡಿದ್ರೆ ಒಂದೊಂದು ಒಂದೊಂದು ದಿಕ್ಕಿಗೆ. ಎರಡು ವಯರಿನ ಮಧ್ಯೆ ಜಾಗ ಬಿಟ್ಟಷ್ಟೂ ಅದು ಒಂದು ಸುತ್ತಿನ ಕಾಯಿಲ್ ಆಗುತ್ತೆ, ಪಕ್ಕದಲ್ಲಿ ಟ್ರಾನ್ಸ್‌ಫಾರ್ಮರೋ ಮೋಟಾರೋ ಇದ್ರೆ ಅದ್ರ ಕಾಂತಕ್ಷೇತ್ರ ಅದ್ರೊಳಗೆ ವೋಲ್ಟೇಜ್ ಹುಟ್ಟಿಸುತ್ತೆ. 0.1 ಚದರ ಮೀಟರ್ ಲೂಪ್, 1 ಮೈಕ್ರೋಟೆಸ್ಲಾ ಕ್ಷೇತ್ರ ಅಂದ್ರೆ 50 ಹರ್ಟ್ಜಲ್ಲಿ 31 ಮೈಕ್ರೋವೋಲ್ಟ್. ಇದಕ್ಕೆ ಬಯಾಸೂ ಕೆಲ್ಸ ಮಾಡಲ್ಲ, ಶೀಲ್ಡ್ ಹಾಕಿದ್ರೂ ಹೋಗಲ್ಲ, ತಾಮ್ರದ ಜಾಲರಿ 50 ಹರ್ಟ್ಜ್ ಕಾಂತಕ್ಷೇತ್ರ ತಡೆಯಲ್ಲ, ಲೂಪ್ ಸಣ್ಣ ಮಾಡೋದೊಂದೇ ಉಪಾಯ. ನಮ್ಮ ಬ್ಯಾಚಿನ ಒಬ್ಳು ಹುಡುಗಿ ಎಲ್ಲ ವಯರ್ ಸೇರಿಸಿ ಜಡೆ ಹೆಣೆದಂಗೆ ಹೆಣೆದು ಬುಡದಿಂದ ಮುಂಗೈ ತನಕ ಒಂದೇ ಹುರಿ ಮಾಡಿದ್ಳು, ಅಷ್ಟಕ್ಕೇ ಸ್ಪೆಕ್ಟ್ರಮಲ್ಲಿ ಮೊಳೆ ಎದ್ದು ಕಾಣೋ ಹಂಗೆ ಇಳೀತು. ಆಮೇಲೆ ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಲ್ಲಿ ತೆಳು ಶೀಲ್ಡೆಡ್ ವಯರ್ ತಂದು ಅರ್ಧ ಮೀಟರಿಗೆ ಕತ್ತರಿಸಿ ಹೊಸ ಕೇಬಲ್ ಮಾಡ್ಕೊಂಡ್ವಿ, ಬೋರ್ಡನ್ನೇ ತೋಳಿಗೆ ಕಟ್ಟಿಬಿಟ್ವಿ. ಕೇಬಲ್ ಅಲ್ಲಾಡದ ಹಾಗೆ ಟೇಪ್ ಹಾಕಿ, ವಯರ್ ಬಾಗಿದ್ರೂ ಉಜ್ಜಿದ್ರೂ ಅದ್ರೊಳಗೇ ಚಾರ್ಜ್ ಹುಟ್ಟಿ ಗೆರೆ ತೂಗಾಡುತ್ತೆ.

ಪವರ್ ವಿಷ್ಯ. ಬೋರ್ಡು ಬ್ಯಾಟರೀಲಿ ಓಡುತ್ತೆ, ಬ್ಲೂಟೂತಲ್ಲೂ ಕಳ್ಸುತ್ತೆ, ಯುಎಸ್‌ಬಿ ಕೇಬಲ್ಲಲ್ಲೂ ಕಳ್ಸುತ್ತೆ. ಯುಎಸ್‌ಬಿ ಹಾಕಿ ಲ್ಯಾಪ್‌ಟಾಪ್ ಚಾರ್ಜಿಗಿಟ್ರೆ ಹಮ್ ಹಾರ್ಕೊಂಡು ಏರುತ್ತೆ. ಎರಡು ಪಿನ್ ಚಾರ್ಜರ್ ಹಾಕಿದಾಗ ಲ್ಯಾಪ್‌ಟಾಪಿನ ಮೆಟಲ್ ಮುಟ್ಟಿದ್ರೆ ಜುಮ್ ಅನ್ನುತ್ತಲ್ಲ, ಚಾರ್ಜರ್ ಒಳಗೆ ಮೇನ್ಸ್ ಕಡೆಯಿಂದ ಔಟ್‌ಪುಟ್ ಕಡೆಗೆ ಒಂದು ಸಣ್ಣ ಕೆಪಾಸಿಟರ್ ಇರುತ್ತೆ, ಅದ್ರಿಂದ ಸೋರೋ ಕರೆಂಟ್ ಅದು, ಅದೇ ಯುಎಸ್‌ಬಿ ಗ್ರೌಂಡಿಂದ ಬೋರ್ಡಿಗೆ, ಬೋರ್ಡಿಂದ ಕೂತಿರೋ ಹುಡುಗನ ಮೈಗೆ. ಹಮ್ ಬಿಡಿ, ಇದು ಜೀವದ ಪ್ರಶ್ನೆ. ವೈದ್ಯಕೀಯ ಉಪಕರಣಗಳ ಐಇಸಿ 60601-1 ನಿಯಮದಲ್ಲಿ ಹೃದಯಕ್ಕೆ ನೇರ ತಾಗೋ ಸಾಧನಕ್ಕೆ ಮಾಮೂಲಿ ಸ್ಥಿತೀಲಿ ರೋಗಿ ಮೂಲಕ ಹರೀಬಹುದಾದ ಲೀಕೇಜ್ 10 ಮೈಕ್ರೋ ಆಂಪಿಯರ್, ಮೈಮೇಲೆ ಅಂಟಿಸೋ ಬಿಎಫ್ ವರ್ಗಕ್ಕೆ 100. ನಮ್ಮ ಬೋರ್ಡಿಗೆ ಅಂಥ ಸರ್ಟಿಫಿಕೇಟ್ ಯಾವುದೂ ಇಲ್ಲ, ಆಸ್ಪತ್ರೆ ಕೆಲ್ಸಕ್ಕೆ ಇದಲ್ಲ. ನಮ್ಮ ಲ್ಯಾಬ್ ನಿಯಮ: ಮೈಗೆ ಎಲೆಕ್ಟ್ರೋಡ್ ಇದ್ದಾಗ ಬೋರ್ಡ್ ಬ್ಯಾಟರೀಲಿ, ಲ್ಯಾಪ್‌ಟಾಪ್ ಬ್ಯಾಟರೀಲಿ. ಯುಎಸ್‌ಬಿ ಬೇಕೇ ಬೇಕು ಅಂದ್ರೆ ಮಧ್ಯೆ ಎಡಿಯುಎಂ4160 ಚಿಪ್ ಇರೋ ಯುಎಸ್‌ಬಿ ಐಸೊಲೇಟರ್ (ಡೇಟಾ ಬಿಟ್ಟು ಕರೆಂಟ್ ದಾಟದ ಹಾಗೆ ಎರಡೂ ಕಡೆ ಬೇರೆ ಮಾಡೋದು). ಬಾಕ್ಸಲ್ಲಿ ಅದನ್ನ ಕೊಡಬೇಕಿತ್ತು, ಕೊಟ್ಟಿಲ್ಲ, ಬೇರೆ ತಗೋಬೇಕು.

ಬ್ಲೂಟೂತಲ್ಲೂ ಒಂದು ಕೊಕ್ಕೆ. ಅದ್ರಲ್ಲಿ ಸೆಕೆಂಡಿಗೆ 250 ಸ್ಯಾಂಪಲ್ ಮಾತ್ರ ಬರೋದು. ಈ ಚಿಪ್ಪು ಆ ವೇಗದಲ್ಲಿ ಒಳಗಿನ ಫಿಲ್ಟರಿಂದಾಗಿ 65 ಹರ್ಟ್ಜ್ ದಾಟಿದ್ದನ್ನ ಇಳಿಸೋಕೆ ಶುರು ಮಾಡುತ್ತೆ, ಇಇಜಿಗೆ ಸಾಕು, ಇಎಂಜಿಗೆ ಅರ್ಧಂಬರ್ಧ. ಮೇಲಾಗಿ ಮೇನ್ಸಿನ ಮೂರನೇ ಹಾರ್ಮೋನಿಕ್ (50ರ ಮೂರು ಪಟ್ಟು) 150 ಹರ್ಟ್ಜ್, ಸ್ಯಾಂಪಲ್ ಸಾಲದೆ ಮಡಚ್ಕೊಂಡು 100ರ ಜಾಗಕ್ಕೆ ಬಂದು ಕೂತ್ಕೊಳ್ಳುತ್ತೆ, ಫಿಲ್ಟರ್ ಅದನ್ನ ಎಂಟರಲ್ಲೊಂದು ಪಾಲಿಗೆ ಇಳಿಸಿದ್ರೂ ಪೂರ್ತಿ ಹೋಗಲ್ಲ. ಇಎಂಜಿ ಮಾಡೋರು 1000 ಸ್ಯಾಂಪಲ್ ಮೇಲಿಡಿ, ಅಂದ್ರೆ ಯುಎಸ್‌ಬಿ, ಅಂದ್ರೆ ಐಸೊಲೇಟರ್, ಅಂದ್ರೆ ಮತ್ತೆ ದುಡ್ಡು. ನಾವು ಹಂಗೇ ಮಾಡಿದ್ದು.

ಇನ್ನು ರೂಮಿನ ಕಥೆ. ನಮ್ಮೂರಲ್ಲಿ ಸೆಸ್ಕ್‌ನೋರು ಆಗಾಗ ಒಂದು ಉಪಕಾರ ಮಾಡ್ತಾರೆ, ಕರೆಂಟ್ ತೆಗೀತಾರೆ. ಕರೆಂಟ್ ಹೋದ ಕ್ಷಣ ನಾಚ್ ಇಲ್ಲದ ಗೆರೆ ನೋಡಿ, ಹಮ್ ಪಟ್ ಅಂತ ಮಾಯ ಆಗುತ್ತೆ, ಆಗ ಉಳಿಯೋದೇ ನಿಮ್ಮ ನಿಜವಾದ ಸಿಗ್ನಲ್. ಆ ರೆಕಾರ್ಡಿಂಗ್ ಜೋಪಾನ ಮಾಡ್ಕೊಳ್ಳಿ, ಆಮೇಲೆ ಏನೇನು ಸರಿ ಮಾಡಿದ್ರೂ ಅದ್ರ ಜೊತೆ ಹೋಲಿಸಿ ನೋಡ್ಬಹುದು. ಆದ್ರೆ ಯುಪಿಎಸ್ ಆನ್ ಆಯ್ತು ಅಂದ್ರೆ ಕಥೆ ಬೇರೆ, ನಮ್ದು ಹಳೇದು, ಚೌಕಾಕಾರದ ಅಲೆ ಕೊಡುತ್ತೆ, ಸ್ಪೆಕ್ಟ್ರಮಲ್ಲಿ 50, 150, 250 ಅಂತ ಬೇಲಿ ಕಂಬದ ಸಾಲು. ಒಂದು ನಾಚ್ ಹಾಕಿ ಯಾವ್ದನ್ನ ಅಂತ ತೆಗೀತೀರಿ?

ನಮ್ಮ ಕಾಲೇಜ್ ಎಲೆಕ್ಟ್ರಿಷಿಯನ್ ಅಣ್ಣನ ಕರೆಸಿ ಒಂದೊಂದೇ ಸ್ವಿಚ್ ಆರಿಸ್ತಾ ನೋಡಿದ್ವಿ. ಮುಖ್ಯ ಅಪರಾಧಿ ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್. ಅದ್ರೊಳಗಿನ ಟ್ರಯಾಕ್ ಸೆಕೆಂಡಿಗೆ 100 ಸಲ ಕರೆಂಟನ್ನ ಕತ್ತರಿಸಿ ಬಿಡುತ್ತೆ, ಒಂದೊಂದು ಸಲಕ್ಕೂ ಒಂದು ಚುಚ್ಚು. ಫ್ಯಾನ್ ಫುಲ್ ಸ್ಪೀಡಿಗಿಟ್ರೆ ಪರವಾಗಿಲ್ಲ, ಎರಡರಲ್ಲೋ ಮೂರರಲ್ಲೋ ಇಟ್ರೆ ಶುರು. "ಸಾರ್, ಹಳೇ ಡಬ್ಬಾ ರೆಗ್ಯುಲೇಟರ್ ಹಾಕಿಕೊಡ್ತೀನಿ, ಬಿಸಿ ಆಗುತ್ತೆ ಆದ್ರೆ ಗಲಾಟೆ ಮಾಡಲ್ಲ" ಅಂದ್ರು, ಸ್ಟೋರ್ ರೂಮಿಂದ ಹುಡುಕಿ ತಂದು ಹಾಕಿದ್ರು, ಸರಿಹೋಯ್ತು. ಎಲ್‌ಇಡಿ ಟ್ಯೂಬಲ್ಲಿ ಒಂದೆರಡು ಅಗ್ಗದವು ಇದ್ವು, ಅವೂ ಬದಲಾಯ್ತು. ಕಬ್ಬಿಣದ ಟೇಬಲ್ಲಿಗೆ ಅರ್ಥಿಂಗ್ ಇರ್ಲಿಲ್ಲ, ಗೋಡೆ ವಯರಿಂದ ಹಮ್ ಹಿಡಿದು ಕೈಗೆ ದಾಟಿಸ್ತಿತ್ತು, ಅದಕ್ಕೊಂದು ಹಸಿರು ವಯರ್ ಬಿಟ್ಟು ಅರ್ಥ್ ಮಾಡಿದ್ರು. ಹಂಗೇ ಅರ್ಥ್ ಪಿಟ್ಟಿಗೆ ನೀರೂ ಹೊಯ್ಸಿದ್ರು, ಬೇಸಿಗೇಲಿ ಪಿಟ್ ಒಣಗಿ ಅರ್ಥಿಂಗ್ ಬರೀ ಹೆಸರಿಗೆ ಆಗಿರುತ್ತೆ. ಟೇಬಲ್ ಅರ್ಥ್ ಆಯ್ತು ಅಂತ ಮನುಷ್ಯನ್ನೂ ಅರ್ಥಿಗೆ ಕಟ್ಬೇಡಿ ಮತ್ತೆ! ಬೇರೆ ಎಲ್ಲೋ ಲೀಕ್ ಆದ್ರೆ ಕರೆಂಟಿಗೆ ನೀವೇ ದಾರಿ ತೋರಿಸಿದಂಗೆ. ಅಣ್ಣನಿಗೆ ಐದು ಸ್ಟಾರ್, ಅಂದ ಹಾಗೆ. ಮಾರಿದೋರ ಸಪೋರ್ಟಿಗಿಂತ ಇವ್ರಿಗೇ ವಿಷಯ ಜಾಸ್ತಿ ಗೊತ್ತಿತ್ತು.

ಸಪೋರ್ಟ್ ಅಂದ್ರೆ ನಗು ಬರುತ್ತೆ. ವಾಟ್ಸಾಪಲ್ಲಿ ಏನೇ ಕೇಳಿ ಉತ್ತರ ಒಂದೇ: ನಾಚ್ ಆನ್ ಮಾಡಿ ಸರ್. ಒಂದು ಚಾನೆಲ್ ಸತ್ತಿದೆ ಅಂದ್ರೂ ನಾಚ್ ಆನ್ ಮಾಡಿ ಸರ್. ಬಯಾಸ್ ರಿಜಿಸ್ಟರ್ ವಿಷಯ ಬರೆದು ಕಳ್ಸಿದ್ದಕ್ಕೆ ಒಂದು ಹೆಬ್ಬೆಟ್ಟಿನ ಚಿತ್ರ ಬಂತು.

ಸಾಲಗಾಮೆ ರಸ್ತೇಲಿ ಇಸ್ರೋದ ಎಂಸಿಎಫ್ (ಉಪಗ್ರಹ ನಿಯಂತ್ರಣ ಕೇಂದ್ರ) ಇದೆ, 36 ಸಾವಿರ ಕಿಲೋಮೀಟರ್ ಮೇಲಿರೋ ಉಪಗ್ರಹದ ಸಿಗ್ನಲ್ ಅಲ್ಲಿ ಕೂತು ಹಿಡೀತಾರೆ, ನಾವು ಅದೇ ಊರಲ್ಲಿ ಗೇಣುದ್ದ ಕೈಯಿಂದ ಸಿಗ್ನಲ್ ಹಿಡಿಯೋಕೆ ಇಷ್ಟು ಒದ್ದಾಡ್ತೀವಿ ಅಂತ ಹುಡುಗ್ರು ರೇಗಿಸ್ತಾರೆ. ರೇಗಿಸ್ಲಿ, ಆದ್ರೆ ಇಷ್ಟೆಲ್ಲ ಮಾಡಿದ ಮೇಲೆ ನಾಚ್ ಇಲ್ದೆನೇ ಹೆಬ್ಬೆರಳು ಬೇರೆ, ತೋರುಬೆರಳು ಬೇರೆ ಅಂತ ಚಾನೆಲ್ಲಿಂದ ಚಾನೆಲ್ಲಿಗೆ ಬಿಡಿಬಿಡಿಯಾಗಿ ಕಾಣ್ತಿದೆ. ಪ್ಲಾಸ್ಟಿಕ್ ಕೈ ಇನ್ನೂ ಕಿರುಬೆರಳು ಉಂಗುರದ ಬೆರಳು ಗೊಂದಲ ಮಾಡ್ಕೊಳ್ಳುತ್ತೆ, ಅದು ಹಮ್ ವಿಷಯ ಅಲ್ಲ, ಆ ಎರಡು ಬೆರಳು ಆಡಿಸೋ ಸ್ನಾಯುವಿನ ಭಾಗಗಳು ಪಕ್ಕಪಕ್ಕದಲ್ಲೇ ಇರೋದ್ರಿಂದ.

ಸ್ಟಾರ್ ಲೆಕ್ಕ ಕೇಳೋರಿಗೆ, ಬೋರ್ಡಿಗೆ ನಾಲ್ಕು, ಆ್ಯಪಿಗೆ ಎರಡು, ಕೇಬಲ್ಲಿಗೆ ಸೊನ್ನೆ. ಓಪನ್‌ಬಿಸಿಐದು ತಗೊಳ್ಳೋ ಶಕ್ತಿ ಇದ್ರೆ ಅದ್ರ ಸರ್ಕ್ಯೂಟು, ಫರ್ಮ್‌ವೇರ್ ಎಲ್ಲ ಬಹಿರಂಗವಾಗಿ ಸಿಗುತ್ತೆ, ರಿಜಿಸ್ಟರ್ ಏನಿದೆ ಅಂತ ಊಹೆ ಮಾಡೋ ಕೆಲ್ಸ ಇಲ್ಲ. ಶಕ್ತಿ ಇಲ್ದಿದ್ರೆ ಇದೇ ತಗೊಳ್ಳಿ, ಡೇಟಾಶೀಟ್ ಪಕ್ಕ ಇಟ್ಕೊಳ್ಳಿ, ಆ್ಯಪ್ ಬಿಟ್ಟು ಪೈಥಾನಲ್ಲಿ ನೀವೇ ಓದ್ಕೊಳ್ಳಿ.

ಬಾಕ್ಸಲ್ಲಿ ಬರೋ ಎಲೆಕ್ಟ್ರೋಡ್ ಬೇಗ ಮುಗಿಯುತ್ತೆ, ಮತ್ತೆ ಆನ್‌ಲೈನ್ ತರಿಸೋದು ಬೇಡ, ಇಸಿಜಿಗೆ ಹಾಕೋ ಬಟನ್ ಎಲೆಕ್ಟ್ರೋಡ್ ಹಾಸನದಲ್ಲೇ ಸರ್ಜಿಕಲ್ ಅಂಗಡಿಗಳಲ್ಲಿ ಸಿಗುತ್ತೆ, ಇದೇ ಕ್ಲಿಪ್ಪಿಗೆ ಸರಿಯಾಗಿ ಕೂರುತ್ತೆ. ಪ್ಯಾಕೆಟ್ ಮೇಲಿನ ಎಕ್ಸ್‌ಪೈರಿ ತಾರೀಖು ನೋಡಿ ತಗೊಳ್ಳಿ, ಒಡೆದ ಪ್ಯಾಕೆಟ್ ಅರ್ಧ ಬೆಲೆಗೆ ಕೊಡ್ತೀನಿ ಅಂದ್ರೂ ಬೇಡ ಅನ್ನಿ, ಜೆಲ್ ಒಣಗಿದ್ರೆ ಆ್ಯಪಲ್ಲಿ ಎಂಟೂ ಕೆಂಪಗೇ ಇರುತ್ತೆ.